ಚಾನೆಲ್ ಎಷ್ಟು ಅಂತಲ್ಲ, ಮ್ಯಾಚ್ ಯಾರಿಗೆ ಅಂತ ಕೇಳಿ

(1/8)
ಫೋಟೋದಲ್ಲಿರೋದು ಮೆಲ್ಬರ್ನ್‌ನ ಒಂದು ಮಾಮೂಲಿ ಬೀದಿಯ ಕರೆಂಟ್ ಕಂಬ. ಚಿಕ್ಕಮ್ಮ ಕಳಿಸಿದ್ದು. ಸ್ವಲ್ಪ ಝೂಮ್ ಮಾಡಿ ನೋಡಿ, ಕರೆಂಟ್ ತಂತಿಗಳ ಕೆಳಗೆ ಹೆಬ್ಬೆರಳು ದಪ್ಪದ ಕಪ್ಪು ಕೇಬಲ್ ಒಂದು ಹೋಗಿದೆ. "ಇದೇನು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ ಕಣೇ, ನಿನಗ್ಯಾಕೆ?" ಅಂತ ಕೇಳಿದ್ರು. ನನಗ್ಯಾಕೆ ಅಂದ್ರೆ, ನನ್ನ ಸೆಮಿನಾರ್ ವಿಷಯವೇ ಅದು: ಆಸ್ಟ್ರೇಲಿಯಾದಲ್ಲಿ ಡಿಜಿಟಲ್ ಪೇ ಟೀವಿ ಶುರುವಾದ ಕಥೆ. ಟಾಪಿಕ್ ಹೇಳಿದಾಗ ಕ್ಲಾಸಲ್ಲಿ ನಕ್ಕಿದ್ದು ಯಾರ್ಯಾರು ಅಂತ ನನಗೆ ನೆನಪಿದೆ. ನಿಮಗೋಸ್ಕರವೇ ಈ ಎಂಟು ಪೋಸ್ಟ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. 2004ರ ಮಾರ್ಚ್‌ನಲ್ಲಿ ಫಾಕ್ಸ್‌ಟೆಲ್ ಕಂಪನಿ ನೂರಕ್ಕೂ ಹೆಚ್ಚು ಚಾನೆಲ್‌ಗಳ ಡಿಜಿಟಲ್ ಸೇವೆ ಶುರು ಮಾಡಿದಾಗ ಜಾಹೀರಾತಲ್ಲಿ ಕಂಡಿದ್ದು ಚಾನೆಲ್‌ಗಳ ಸಂಖ್ಯೆ, ಆಯ್ಕೆಯ ಮಾತು. ಆದರೆ ಅಲ್ಲಿ ನಿಜವಾಗಿ ತೀರ್ಮಾನ ಆಗ್ತಿದ್ದಿದ್ದು ಬೇರೆ. ಊರೆಲ್ಲ ಒಟ್ಟಿಗೆ ನೋಡ್ತಿದ್ದ ಆಟವನ್ನ ಇನ್ಮೇಲೆ ಯಾರು ನೋಡಬಹುದು, ಅದರ ಬೀಗದ ಕೈ ಯಾರ ಹತ್ರ ಇರುತ್ತೆ ಅನ್ನೋದು. ಆ ಬೀಗ ಬೀಳದ ಹಾಗೆ ಅಡ್ಡ ನಿಂತಿದ್ದು ಒಂದು ಸರ್ಕಾರಿ ಪಟ್ಟಿ. ಆ ಪಟ್ಟಿ ಸರಿಯಾಗಿತ್ತು, ಅದರಲ್ಲಿ ತೂತು ಬಿಟ್ಟಿದ್ದು ತಪ್ಪು ಅನ್ನೋದು ನನ್ನ ವಾದ. ಒಪ್ಪದೇ ಇರೋರು ಕೊನೇವರೆಗೂ ಓದಿ ಆಮೇಲೆ ಬೈಯಿರಿ.

(2/8)
ಮೊದಲು ಒಂದು ಹರಾಜಿನ ಕಥೆ. ಇದನ್ನ ಓದಿ ನಾನೊಬ್ಬಳೇ ಲೈಬ್ರರಿಯಲ್ಲಿ ನಕ್ಕು ಮೇಡಂ ಕೈಲಿ ಬೈಸಿಕೊಂಡೆ.

ಆಸ್ಟ್ರೇಲಿಯಾದಲ್ಲಿ ಟೀವಿ ಬಂದಿದ್ದು 1956ರಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್ ವರ್ಷ. ಅಲ್ಲಿಂದ ಸುಮಾರು ನಲವತ್ತು ವರ್ಷ ಅಲ್ಲಿ ದುಡ್ಡು ಕೊಟ್ಟು ನೋಡೋ ಚಾನೆಲ್ ಇರಲೇ ಇಲ್ಲ. ಛಾವಣಿ ಮೇಲೆ ಆಂಟೆನಾ ಹಾಕಿದ್ರೆ ಸಾಕು. ಸರ್ಕಾರಿ ಎಬಿಸಿ, ಹಲವು ಭಾಷೆಗಳ ಎಸ್‌ಬಿಎಸ್, ಜೊತೆಗೆ ಸೆವೆನ್, ನೈನ್, ಟೆನ್ ಅನ್ನೋ ಮೂರು ಖಾಸಗಿ ಜಾಲಗಳು. ಪೇ ಟೀವಿ ಬೇಕು ಅಂತ ಕೇಳಿದವರಿಗೆ ಸರ್ಕಾರ 1986ರಲ್ಲಿ "ಸದ್ಯಕ್ಕೆ ಬೇಡ" ಅಂತ ತಡೆ ಹಾಕಿತು. ಕೊನೆಗೆ ದಾರಿ ಬಿಟ್ಟಿದ್ದು 1992ರ ಪ್ರಸಾರ ಕಾಯ್ದೆ.

ಉಪಗ್ರಹದ ಮೂಲಕ ಪೇ ಟೀವಿ ನಡೆಸೋ ಲೈಸೆನ್ಸ್‌ಗಳನ್ನ 1993ರಲ್ಲಿ ಹರಾಜಿಗಿಟ್ಟರು. ಮುಚ್ಚಿದ ಲಕೋಟೆಯಲ್ಲಿ ಬಿಡ್ ಹಾಕಬೇಕು. ಎಲ್ಲ ಸರಿ, ಆದರೆ ಮುಂಗಡ ಕಟ್ಟಬೇಕು ಅನ್ನೋ ನಿಯಮವೇ ಇರಲಿಲ್ಲ! ನಮ್ಮೂರ ಜಾತ್ರೇಲಿ ತೆಂಗಿನಕಾಯಿ ಅಂಗಡಿ ಜಾಗ ಹರಾಜು ಹಾಕೋವಾಗಲೂ ಮೊದಲು ಠೇವಣಿ ಇಡು ಅಂತಾರೆ. ಇಲ್ಲಿ ಅದಿಲ್ಲ. ದೊಡ್ಡ ದೊಡ್ಡ ಮಾಧ್ಯಮ ದೊರೆಗಳೆಲ್ಲ ಗೆಲ್ತಾರೆ ಅಂತ ಕಾದಿದ್ದಾಗ, ಹೆಚ್ಚು ಜನ ಹೆಸರೇ ಕೇಳದ ಎರಡು ಕಂಪನಿಗಳು ಗೆದ್ದವು. ಹೈ ವಿಷನ್ ಹಾಕಿದ್ದು 21 ಕೋಟಿ 20 ಲಕ್ಷ ಡಾಲರ್, ಯೂಕಾಮ್ ಹಾಕಿದ್ದು 17 ಕೋಟಿ 70 ಲಕ್ಷ. ಗೆದ್ದ ಮೇಲೆ ದುಡ್ಡು ಕಟ್ಟಲಿಲ್ಲ. ಆಗ ಅದರ ಕೆಳಗಿನ ಬಿಡ್ ಯಾರದು ಅಂತ ನೋಡಿದ್ರೆ ಅದೂ ಅವರದೇ. ಅದರ ಕೆಳಗಿನದೂ ಅವರದೇ. ಐವತ್ತೈವತ್ತು ಲಕ್ಷ ಕಡಿಮೆ ಮಾಡಿ ಮಾಡಿ ಒಬ್ಬರೇ ಸಾಲಾಗಿ ಬಿಡ್ ಹಾಕಿಟ್ಟಿದ್ರು. ಹೀಗೆ ಮೆಟ್ಟಿಲಿಳೀತಾ ಇಳೀತಾ ತಿಂಗಳುಗಟ್ಟಲೆ ಕಳೆದು, ಕೊನೆಗೆ ಲೈಸೆನ್ಸ್‌ಗಳು ಹೋಗಿದ್ದು 11 ಕೋಟಿ 70 ಲಕ್ಷಕ್ಕೆ ಒಂದು, 7 ಕೋಟಿ 70 ಲಕ್ಷಕ್ಕೆ ಇನ್ನೊಂದು. ಹರಾಜು ಹೇಗೆ ನಡೆಸಬಾರದು ಅಂತ ಪಾಠ ಮಾಡೋ ಅರ್ಥಶಾಸ್ತ್ರಜ್ಞರಿಗೆ ಇದು ಇವತ್ತಿಗೂ ಉದಾಹರಣೆ.

ಇದರ ಮೇಲೆ ಇನ್ನೊಂದು ತಮಾಷೆ. ಉಪಗ್ರಹ ಪ್ರಸಾರ ಡಿಜಿಟಲ್ಲೇ ಆಗಿರಬೇಕು ಅಂತ ಸರ್ಕಾರ ಹಠ ಹಿಡಿದಿತ್ತು. ದೂರದೃಷ್ಟಿ ಅನ್ನಿ, ಒಪ್ತೀನಿ. ಆದರೆ ಆಗ ಆ ತಂತ್ರಜ್ಞಾನವೇ ಮನೆ ಬಾಗಿಲಿಗೆ ಬರೋ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ದೇಶದ ಮೊದಲ ಪೇ ಟೀವಿ ಗ್ಯಾಲಕ್ಸಿ, 1995ರ ಜನವರಿ 26ರಂದು, ಉಪಗ್ರಹ ಬಿಟ್ಟು ಮೈಕ್ರೋವೇವ್ ಮೂಲಕ ಶುರುವಾಯ್ತು. ಮೂರೇ ವರ್ಷ. 1998ರಲ್ಲಿ ಅದರ ಕಂಪನಿ ಮುಳುಗಿತು.

(3/8)
ಈಗ ಫೋಟೋದಲ್ಲಿರೋ ಕೇಬಲ್ ವಿಷಯ.

ಗ್ಯಾಲಕ್ಸಿ ಶುರುವಾದ ವರ್ಷವೇ ಇನ್ನಿಬ್ಬರು ಇಳಿದರು. ಟೆಲಿಫೋನ್ ಕಂಪನಿ ಟೆಲ್‌ಸ್ಟ್ರಾ ಮತ್ತು ರೂಪರ್ಟ್ ಮರ್ಡಾಕ್‌ರ ನ್ಯೂಸ್ ಕಾರ್ಪ್ ಸೇರಿ ಫಾಕ್ಸ್‌ಟೆಲ್ ಮಾಡಿದ್ರು, 1995ರ ಅಕ್ಟೋಬರ್‌ನಲ್ಲಿ ಶುರು. ಎದುರಿಗೆ ಆಪ್ಟಸ್ ವಿಷನ್. ಇಬ್ಬರೂ ಬೀದಿಬೀದಿಯಲ್ಲಿ ಕೇಬಲ್ ಎಳೆದರು. ಎಲ್ಲಿ ಅಂತ ಕೇಳಿ: ಬಹುಪಾಲು ಒಂದೇ ಬೀದಿಗಳಲ್ಲಿ! ಒಬ್ಬ ಬಂದು ಕೇಬಲ್ ಹಾಕಿ ಹೋದ ಕೆಲವೇ ದಿನಕ್ಕೆ ಇನ್ನೊಬ್ಬ ಬಂದು ಅದೇ ಮನೆ ಮುಂದೆ ಇನ್ನೊಂದು ಹಾಕ್ತಿದ್ದ. ಸಿಡ್ನಿ, ಮೆಲ್ಬರ್ನ್‌ನ ಜನ ಕಂಬದ ಮೇಲೆ ಈ ದಪ್ಪ ಹಗ್ಗ ನೇತಾಡೋದು ಬೇಡ ಅಂತ ಗಲಾಟೆ ಮಾಡಿದ್ರು. ಪಕ್ಕದಲ್ಲೇ ಸಾವಿರಾರು ಸಣ್ಣ ಊರುಗಳಿಗೆ ಒಂದು ಕೇಬಲ್ಲೂ ಹೋಗಲಿಲ್ಲ. ಪೈಪೋಟಿ ಅಂದ್ರೆ ಆಯ್ಕೆ ಅಂತ ನಮಗೆ ಪಾಠದಲ್ಲಿ ಹೇಳ್ತಾರೆ. ಇಲ್ಲಿ ಪೈಪೋಟಿ ಅಂದ್ರೆ ಇದ್ದವರಿಗೇ ಎರಡೆರಡು ತಂತಿ.

ಆಪ್ಟಸ್ ಕೇಬಲ್‌ಗೆ ಆಮೇಲೆ ಏನಾಯ್ತು ಗೊತ್ತಾ? ಸರ್ಕಾರದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಕಂಪನಿ ಅದನ್ನ 80 ಕೋಟಿ ಡಾಲರ್‌ಗೆ ತಗೊಳ್ಳೋ ಒಪ್ಪಂದ ಮಾಡಿಕೊಂಡು, 2016ರಲ್ಲಿ ಪರೀಕ್ಷಿಸಿ ನೋಡಿ, ಬಹುತೇಕ ಕಡೆ ಇದು ಉಪಯೋಗಕ್ಕೆ ಬರಲ್ಲ ಅಂತ ಕೈಬಿಟ್ಟಿತು.

(4/8)
ಕೇಬಲ್ ಎಳೆದಾಯ್ತು. ಒಳಗೆ ಏನು ಹರಿಸೋದು? ಹಳೇ ಸಿನಿಮಾ, ಅಮೆರಿಕದ ಧಾರಾವಾಹಿಗಾಗಿ ಜನ ತಿಂಗಳು ತಿಂಗಳು ದುಡ್ಡು ಕಟ್ಟಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕಟ್ಟೋದು ಆಟಕ್ಕೆ. ಅಲ್ಲಿಂದ ಶುರುವಾಗಿದ್ದೇ ಸೂಪರ್ ಲೀಗ್ ಜಗಳ.

ರಗ್ಬಿ ಲೀಗ್ ಅನ್ನೋದು ಸಿಡ್ನಿಯ ದುಡಿಯುವ ಜನರ ಆಟ. ಒಂದೊಂದು ಬಡಾವಣೆಗೆ ಒಂದೊಂದು ಕ್ಲಬ್, ತಾತನ ಕಾಲದಿಂದ ಅದೇ ಬಣ್ಣದ ಜೆರ್ಸಿ. ಅದರ ಪೇ ಟೀವಿ ಹಕ್ಕು ಎದುರಾಳಿ ಬಣದ ಹತ್ರ ಇದೆ ಅಂತ ಮರ್ಡಾಕ್ ಕಂಪನಿ ಬೇರೆ ಲೀಗನ್ನೇ ಕಟ್ಟಲು ಹೊರಟಿತು. ಆಟಗಾರರಿಗೆ ಕಂಡು ಕೇಳರಿಯದ ಸಂಬಳ. ಕೋರ್ಟು, ಕಚೇರಿ, ಎಲ್ಲಾ ಆಯ್ತು. 1997ರಲ್ಲಿ ಒಂದೇ ಆಟಕ್ಕೆ ಎರಡು ಲೀಗ್‌ಗಳು ನಡೆದವು, ಎರಡೂ ಸೊರಗಿದವು. 1998ಕ್ಕೆ ರಾಜಿಯಾಗಿ ಎನ್‌ಆರ್‌ಎಲ್ ಅಂತ ಒಂದಾದರು. ರಾಜಿಯಲ್ಲಿ ತಂಡಗಳ ಸಂಖ್ಯೆ ಕಡಿಮೆ ಮಾಡಬೇಕು ಅನ್ನೋ ಷರತ್ತಿತ್ತು. ಹೀಗೆ 1999ರ ಕೊನೆಗೆ ಹೊರಬಿದ್ದಿದ್ದು ಸೌತ್ ಸಿಡ್ನಿ ಕ್ಲಬ್, 1908ರಲ್ಲಿ ಲೀಗ್ ಹುಟ್ಟಿದಾಗಿನಿಂದ ಇದ್ದ ತಂಡ.

ಅದಕ್ಕೆ ಹತ್ತಾರು ಸಾವಿರ ಜನ ಸಿಡ್ನಿಯ ಬೀದಿಗಿಳಿದರು ಕಣ್ರಪ್ಪಾ. ಒಂದು ರಗ್ಬಿ ತಂಡಕ್ಕಾಗಿ! ಕೊನೆಗೆ ಕೋರ್ಟಲ್ಲಿ ಗೆದ್ದು 2002ರಲ್ಲಿ ತಂಡ ವಾಪಸ್ ಬಂತು. ಆ ಹೋರಾಟದ ಫೋಟೋಗಳನ್ನ ನೋಡಿದ್ರೆ ಕೆಂಪು ಹಸಿರು ಜೆರ್ಸಿ ಹಾಕಿದ ಅಜ್ಜಂದಿರು, ಹೆಗಲ ಮೇಲೆ ಮಕ್ಕಳು. ಟೀವಿ ಹಕ್ಕು ಅಂದ್ರೆ ಬರೀ ಕಾರ್ಪೊರೇಟ್ ಲೆಕ್ಕ, ನಮಗೇನು ಅಂದುಕೊಂಡಿದ್ದ ನನಗೆ ಮನಸ್ಸು ಬದಲಾಗಿದ್ದು ಅಲ್ಲಿ.

(5/8)
ಈಗ ಮುಖ್ಯ ದಿನಕ್ಕೆ ಬರೋಣ.

2002ರ ಹೊತ್ತಿಗೆ ಎಲ್ಲರೂ ನಷ್ಟದಲ್ಲಿ ಸುಸ್ತಾಗಿದ್ರು. ಆಪ್ಟಸ್ "ನಾವಿನ್ನು ಕಾರ್ಯಕ್ರಮ ಮಾಡಲ್ಲ, ನಿಮ್ಮ ಚಾನೆಲ್‌ಗಳನ್ನೇ ಮಾರ್ತೀವಿ" ಅಂತ ಫಾಕ್ಸ್‌ಟೆಲ್ ಜೊತೆ ಕೈಜೋಡಿಸಿತು. ಪೈಪೋಟಿ ಆಯೋಗ ಮೊದಲು ಕೊಂಕು ತೆಗೆದು, ಆಮೇಲೆ ಷರತ್ತು ಹಾಕಿ ಒಪ್ಪಿತು. ಅಲ್ಲಿಗೆ ದೊಡ್ಡ ನಗರಗಳಲ್ಲಿ ಪೇ ಟೀವಿ ಅಂದ್ರೆ ಫಾಕ್ಸ್‌ಟೆಲ್ ಒಂದೇ ಅನ್ನೋ ಸ್ಥಿತಿ. ಅದರ ಒಡೆತನ ಅರ್ಧ ಟೆಲ್‌ಸ್ಟ್ರಾದು, ಕಾಲು ಮರ್ಡಾಕ್‌ದು, ಕಾಲು ಪ್ಯಾಕರ್ ಕುಟುಂಬದ ಕಂಪನಿಯದು. ಆ ಪ್ಯಾಕರ್ ಕುಟುಂಬವೇ ಫ್ರೀ ಚಾನೆಲ್ ನೈನ್‌ನ ಯಜಮಾನರೂ ಹೌದು. ಅಂದ್ರೆ ಸಂತೇಲಿ ಎರಡು ಕಡೆಯೂ ಅವರದೇ ಅಂಗಡಿ.

2004ರ ಮಾರ್ಚ್ 14ರಂದು ಫಾಕ್ಸ್‌ಟೆಲ್ ಡಿಜಿಟಲ್ ಶುರು. ತಂತ್ರಜ್ಞಾನ ಸರಳವಾಗಿ ಹೇಳ್ತೀನಿ. ಅನಲಾಗ್‌ನಲ್ಲಿ ಒಂದು ಚಾನೆಲ್ ಹಿಡಿಯೋ ಜಾಗದಲ್ಲಿ, ಚಿತ್ರವನ್ನ ಅಂಕಿಗಳಾಗಿ ಕುಗ್ಗಿಸಿ ಕಳಿಸಿದ್ರೆ ಹಲವು ಚಾನೆಲ್ ಹಿಡಿಯುತ್ತೆ. ಮನೇಲಿ ಒಂದು ಬಾಕ್ಸ್, ಅದರೊಳಗೆ ಕಾರ್ಡು. ದುಡ್ಡು ಕಟ್ಟಿದ್ದೀಯಾ ಇಲ್ವಾ ಅಂತ ಕಾರ್ಡ್ ನೋಡುತ್ತೆ, ಕಟ್ಟಿದ್ರೆ ಬೀಗ ತೆಗೆಯುತ್ತೆ. ಪರದೆ ಮೇಲೆ ಕಾರ್ಯಕ್ರಮಪಟ್ಟಿ, ರಿಮೋಟ್‌ನ ಬಣ್ಣದ ಬಟನ್ ಒತ್ತಿದ್ರೆ ಬೇರೆ ಕ್ಯಾಮೆರಾ ಕೋನ. ನಿಜವಾಗಲೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮರುವರ್ಷ ರೆಕಾರ್ಡ್ ಮಾಡೋ ಬಾಕ್ಸೂ ಬಂತು. 2007ಕ್ಕೆ ಹಳೇ ಅನಲಾಗ್ ಕೇಬಲ್ ಸೇವೆ ನಿಲ್ಲಿಸಿದ್ರು.

ಆದರೆ ಆ ನೂರಕ್ಕೂ ಹೆಚ್ಚು ಅನ್ನೋ ಲೆಕ್ಕದೊಳಗೆ ಒಮ್ಮೆ ಇಣುಕಿ. ಅದೇ ಚಾನೆಲ್ ಎರಡು ಗಂಟೆ ತಡವಾಗಿ ಮತ್ತೆ ಬಂದ್ರೆ ಅದೂ ಒಂದು ಚಾನೆಲ್. ಬರೀ ಹಾಡು ಬರೋ ಆಡಿಯೋ ಸಾಲು, ಅದೂ ಚಾನೆಲ್. ಆಂಟೆನಾದಲ್ಲಿ ಪುಕ್ಕಟೆ ಸಿಗೋ ಎಬಿಸಿಯನ್ನೂ ಬಾಕ್ಸ್‌ನಲ್ಲಿ ತೋರಿಸಿದ್ರೆ ಅದೂ ಒಂದು ನಂಬರ್. ಮದುವೆ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ನೀರು ಎಲ್ಲ ಸೇರಿಸಿ ಇಪ್ಪತ್ತೈದು ಐಟಂ ಅಂತಾರಲ್ಲ, ಹಾಗೆ.

ಇನ್ನೊಂದು ಕಡೆ ನೋಡಿ. ಇದೇ ಡಿಜಿಟಲ್ ತಂತ್ರಜ್ಞಾನ ಫ್ರೀ ಚಾನೆಲ್‌ಗಳಿಗೆ 2001ರ ಜನವರಿ 1ರಂದೇ ಬಂದಿತ್ತು. ಅವರೂ ಆಂಟೆನಾ ಮೂಲಕ ಪುಕ್ಕಟೆಯಾಗಿ ಹೆಚ್ಚು ಚಾನೆಲ್ ಕೊಡಬಹುದಿತ್ತು. ಕಾನೂನು ಬಿಡಲಿಲ್ಲ! ಖಾಸಗಿ ಫ್ರೀ ಜಾಲಗಳು ಮಾಮೂಲಿ ಗುಣಮಟ್ಟದ ಹೆಚ್ಚುವರಿ ಚಾನೆಲ್ ಶುರು ಮಾಡೋಕೆ 2009ರವರೆಗೆ ಕಾಯಬೇಕಾಯ್ತು. ಅದಕ್ಕೆ ಬದಲಾಗಿ ಅವರಿಗೂ ಒಂದು ಸಿಹಿ: ಹೊಸ ನಾಲ್ಕನೇ ಖಾಸಗಿ ಜಾಲಕ್ಕೆ ಅನುಮತಿ ಇಲ್ಲ. ಪೇ ಕಂಪನಿಗೆ ರಕ್ಷಣೆ, ಫ್ರೀ ಕಂಪನಿಗೆ ರಕ್ಷಣೆ. ಸೋಫಾ ಮೇಲೆ ಕೂತಿರೋನಿಗೆ?

(6/8)
ಸೋಫಾ ಮೇಲೆ ಕೂತಿರೋನಿಗೆ ಇದ್ದ ಒಂದೇ ರಕ್ಷಣೆ ನಾನು ಮೊದಲ ಪೋಸ್ಟಲ್ಲಿ ಹೇಳಿದ ಪಟ್ಟಿ. ಪೇ ಟೀವಿ ಹುಟ್ಟೋ ಮುಂಚೆ, 1994ರಲ್ಲೇ ಬಂದಿದ್ದು. ಮೆಲ್ಬರ್ನ್ ಕಪ್ ಕುದುರೆ ರೇಸ್, ಎರಡೂ ಫುಟ್‌ಬಾಲ್ ಲೀಗ್‌ಗಳ ಫೈನಲ್, ತವರಿನ ಕ್ರಿಕೆಟ್, ಒಲಿಂಪಿಕ್ಸ್, ಇಂಥವನ್ನೆಲ್ಲ ಅದರಲ್ಲಿ ಬರೆದಿಟ್ಟರು. ಇವುಗಳ ಹಕ್ಕನ್ನ ಮೊದಲು ಕೊಳ್ಳೋ ಅವಕಾಶ ಫ್ರೀ ಚಾನೆಲ್‌ಗಳಿಗೆ. ಅವರನ್ನ ದಾಟಿ ಪೇ ಚಾನೆಲ್ ಹೋಗಿ ಬಾಚಿಕೊಳ್ಳೋ ಹಾಗಿಲ್ಲ.

ನಮ್ಮ ದೇಶದಲ್ಲಿ ಇದನ್ನ ಬೇರೆ ಥರ ಮಾಡಿದ್ದೀವಿ. 1995ರಲ್ಲೇ ನಮ್ಮ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ಕೇಸಲ್ಲೇ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಅಂದಿದ್ದು ಮಾಧ್ಯಮ ಕಾನೂನು ಪೇಪರ್‌ನಲ್ಲಿ ಎಲ್ಲರೂ ಓದಿದ್ದೀವಿ (ಓದಿದ್ದೀವಿ ತಾನೇ?). ಆಮೇಲೆ 2007ರ ಕಾಯ್ದೆ ಪ್ರಕಾರ ಹಕ್ಕನ್ನ ಯಾರಾದ್ರೂ ಕೊಳ್ಳಲಿ, ರಾಷ್ಟ್ರೀಯ ಮಹತ್ವದ ಪಂದ್ಯದ ಸಿಗ್ನಲ್‌ನ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಆಸ್ಟ್ರೇಲಿಯಾ ಬಾಗಿಲಲ್ಲೇ ತಡೀತು, ನಾವು ಒಳಗೆ ಬಿಟ್ಟು ಪಾಲು ಕೇಳಿದ್ವಿ.

ಅವರ ಪಟ್ಟಿಯ ತೂತು ಏನು ಅಂದ್ರೆ, ಫ್ರೀ ಚಾನೆಲ್ ಕೊಳ್ಳಬಹುದು ಅಂತ ಇದೆ, ಕೊಳ್ಳಲೇಬೇಕು ಅಂತ ಇಲ್ಲ. ನಿಗದಿತ ಸಮಯದೊಳಗೆ ಯಾರೂ ಕೊಳ್ಳದಿದ್ರೆ ಪಂದ್ಯ ತಾನಾಗೇ ಪಟ್ಟಿಯಿಂದ ಉದುರುತ್ತೆ. 2018ರಲ್ಲಿ ಆಗಿದ್ದು ಇದೇ. ನಾಲ್ಕು ದಶಕ ಚಾನೆಲ್ ನೈನ್‌ನಲ್ಲಿ ಬರ್ತಿದ್ದ ತವರಿನ ಕ್ರಿಕೆಟ್, ಆರು ವರ್ಷಕ್ಕೆ ಸುಮಾರು 118 ಕೋಟಿ ಡಾಲರ್‌ಗೆ ಸೆವೆನ್ ಮತ್ತು ಫಾಕ್ಸ್‌ಟೆಲ್ ಪಾಲಾಯ್ತು. ಟೆಸ್ಟ್ ಇಬ್ಬರಲ್ಲೂ. ಪುರುಷರ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು ಮಾತ್ರ ಬರೀ ಪೇ ಕಡೆ.

ಅದೇ ಬೇಸಿಗೆಗೆ ಅಲ್ಲಿಗೆ ಬಂದಿದ್ದು ಯಾರು ಹೇಳಿ? ನಮ್ಮ ಟೀಮೇ.

(7/8)
ಚಿಕ್ಕಮ್ಮನ ಮನೇಲಿ ಆಗ ಪೇ ಟೀವಿ ಇರಲಿಲ್ಲ. ಮನೆ ಸಾಲ, ತಮ್ಮನ ಈಜು ಕ್ಲಾಸು, ಅದರ ಮೇಲೆ ಇದೊಂದು ಯಾಕೆ ಅಂತ. ಡಿಸೆಂಬರ್ 26ಕ್ಕೆ ಮೆಲ್ಬರ್ನ್ ಟೆಸ್ಟ್ ಶುರು. ನಮ್ಮ ಮಯಾಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿ 76 ಹೊಡೆದಿದ್ದು ಅವತ್ತೇ. ಆಂಟೆನಾದಲ್ಲೇ ಬಂತು. ಚಿಕ್ಕಪ್ಪ ಅಕ್ಕಪಕ್ಕದ ನಾಲ್ಕು ಮನೆಯವರನ್ನ ಕರೆದು, ಚಿಕ್ಕಮ್ಮ ಉಪ್ಪಿಟ್ಟು ಮಾಡಿ, ಒಬ್ಬ ಗ್ರೀಕ್ ಅಜ್ಜ ಕೂಡ ಕೂತು ನೋಡಿದ್ರಂತೆ. ಆ ಸರಣಿ 2-1ರಲ್ಲಿ ಗೆದ್ದಿದ್ದು ಆಸ್ಟ್ರೇಲಿಯಾ ನೆಲದಲ್ಲಿ ನಮ್ಮ ಮೊಟ್ಟಮೊದಲ ಟೆಸ್ಟ್ ಸರಣಿ ಗೆಲುವು.

ಮೂರು ವಾರ ಆದ್ಮೇಲೆ, 2019ರ ಜನವರಿ 18, ಅದೇ ಮೈದಾನದಲ್ಲಿ ಕೊನೇ ಏಕದಿನ. ಮನೆಯಿಂದ ಕ್ರೀಡಾಂಗಣಕ್ಕೆ ಒಂದು ಗಂಟೆ ದೂರ. ಟೀವಿಯಲ್ಲಿ ಏನೂ ಇಲ್ಲ. ತಮ್ಮ ಅಳೋಕೆ ಶುರು ಮಾಡಿದ. ಆಗ ಚಿಕ್ಕಪ್ಪ ಅವನನ್ನ ಕರ್ಕೊಂಡು ಹತ್ತಿರದ ಪಬ್‌ಗೆ ಹೋದ್ರಂತೆ. ಪಬ್‌ಗಳಲ್ಲಿ ಪೇ ಚಾನೆಲ್ ಹಾಕಿರ್ತಾರೆ. ಈರುಳ್ಳಿನೂ ತಿನ್ನದ ಮನುಷ್ಯ, ಜನ್ಮದಲ್ಲಿ ಮೊದಲ ಸಲ ಪಬ್ ಮೆಟ್ಟಿಲು ಹತ್ತಿ, ಎರಡು ಪ್ಲೇಟ್ ಚಿಪ್ಸ್ ತಗೊಂಡು ಮೂರು ಗಂಟೆ ಕೂತಿದ್ರು. "ಧೋನಿ ಔಟಾಗದೆ 87, ನಾಲ್ಕು ಬಾಲ್ ಬಾಕಿ ಇರೋವಾಗ ಗೆದ್ವಿ. ಆದ್ರೆ ಅವರ ಮುಖ ನೋಡ್ಬೇಕಿತ್ತು ಕಣೇ, ಯಾರಾದ್ರೂ ಕನ್ನಡ ಸಂಘದವರು ನೋಡಿಬಿಟ್ರೆ ಅಂತ ಟೋಪಿ ಹಾಕ್ಕೊಂಡು ಹೋಗಿದ್ರು" ಅಂತ ಚಿಕ್ಕಮ್ಮ ಈಗಲೂ ನಗ್ತಾರೆ.

ನಗು ಬರುತ್ತೆ, ನಿಜ. ಆದರೆ ಆ ಗ್ರೀಕ್ ಅಜ್ಜ ಅವತ್ತು ಎಲ್ಲಿ ನೋಡಿದ್ರು? ಚಿಕ್ಕಮ್ಮನನ್ನ ಕೇಳಿದೆ. "ಅವರು ನೋಡ್ಲಿಲ್ಲ ಅನ್ಸುತ್ತೆ" ಅಂದ್ರು. ಟೆಸ್ಟ್ ದಿನ ಅವರು ನಮ್ಮವರ ಜೊತೆ ಕೂತಿದ್ದು ಕ್ರಿಕೆಟ್ ಹುಚ್ಚಿಗಲ್ಲ. ಟೀವಿ ಆನ್ ಇತ್ತು, ಬಾಗಿಲು ತೆಗೆದಿತ್ತು, ಬಂದ್ರು. ಹಾಗೆ ಬರೋರು ಯಾವತ್ತೂ ಪ್ಯಾಕೇಜ್ ಕೊಳ್ಳಲ್ಲ.

(8/8)
ನೀವು ಕಾಮೆಂಟಲ್ಲಿ ಏನು ಬರೀತೀರ ಗೊತ್ತು. "ದುಡ್ಡು ಕೊಟ್ಟವರು ನೋಡ್ಲಿ, ಅದರಲ್ಲೇನು ತಪ್ಪು? ಆ ದುಡ್ಡಿಂದಲೇ ಆಟಗಾರರಿಗೆ ಸಂಬಳ." ಅರ್ಧ ಸರಿ. ಆಸ್ಟ್ರೇಲಿಯಾದ ಎ-ಲೀಗ್ ಫುಟ್‌ಬಾಲ್ 2005ರಲ್ಲಿ ಶುರುವಾದಾಗ ಅದನ್ನ ತೋರಿಸಿದ್ದು ಪೇ ಚಾನೆಲ್ಲೇ. ಮೂಲನಿವಾಸಿಗಳ ಎನ್‌ಐಟಿವಿ ಚಾನೆಲ್ 2007ರಲ್ಲಿ ಹುಟ್ಟಿದಾಗ ನಗರದ ಹೆಚ್ಚಿನ ಮನೆಗಳಿಗೆ ತಲುಪಿದ್ದು ಪೇ ಟೀವಿ ಬಾಕ್ಸ್ ಮೂಲಕ. ಪೇ ಟೀವಿ ಬರಲೇಬಾರದಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಆ ಎನ್‌ಐಟಿವಿಯನ್ನ ದೇಶದ ಎಲ್ಲ ಮನೆಗೂ ತಲುಪಿಸೋಕೆ 2012ರಲ್ಲಿ ಎಸ್‌ಬಿಎಸ್ ಮೂಲಕ ಫ್ರೀ ಮಾಡಬೇಕಾಯ್ತು, ಅದನ್ನೂ ಗಮನಿಸಿ. ಇಷ್ಟೆಲ್ಲ ಗದ್ದಲ, ಕೇಬಲ್, ಉಪಗ್ರಹ ಆದ್ಮೇಲೂ ಆ ದೇಶದ ಮೂರರಲ್ಲಿ ಎರಡು ಭಾಗ ಮನೆಗಳು ಪೇ ಟೀವಿ ಹಾಕಿಸಲೇ ಇಲ್ಲ.

ಫ್ರೀ ಚಾನೆಲ್‌ನವರು ದೇವರು ಅಂತಲೂ ಅಲ್ಲ. 1977ರಲ್ಲಿ ಟೀವಿ ಹಕ್ಕು ಸಿಗಲಿಲ್ಲ ಅಂತ ಕೆರಿ ಪ್ಯಾಕರ್ ಆಟಗಾರರನ್ನೇ ಎತ್ಕೊಂಡು ಹೋಗಿ ತನ್ನದೇ ಕ್ರಿಕೆಟ್ ನಡೆಸಿದ್ದು ಫ್ರೀ ಚಾನೆಲ್ ನೈನ್‌ಗೋಸ್ಕರ. ಅವರಿಗೂ ಬೇಕಿದ್ದು ಜಾಹೀರಾತು. ವ್ಯತ್ಯಾಸ ಇಷ್ಟೇ, ಅವರ ವ್ಯಾಪಾರಕ್ಕೆ ಎಲ್ಲರೂ ನೋಡಬೇಕು. ಇವರ ವ್ಯಾಪಾರಕ್ಕೆ ಕೆಲವರಿಗೆ ಕಾಣಬಾರದು.

2023ರ ಆಗಸ್ಟ್ 16ಕ್ಕೆ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್, ಸಿಡ್ನಿಯಲ್ಲಿ, ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್. ಟೂರ್ನಿಯ 64 ಪಂದ್ಯಗಳೂ ಇದ್ದಿದ್ದು ದುಡ್ಡು ಕಟ್ಟೋ ಸ್ಟ್ರೀಮಿಂಗ್‌ನಲ್ಲಿ, ಆದರೆ ಈ ಪಂದ್ಯ ಫ್ರೀ ಚಾನೆಲ್ ಸೆವೆನ್‌ನಲ್ಲೂ ಬಂತು. ಸರಾಸರಿ 70 ಲಕ್ಷಕ್ಕೂ ಹೆಚ್ಚು ಜನ ನೋಡಿದ್ರು, 2001ರಲ್ಲಿ ಈಗಿನ ಅಳತೆ ಪದ್ಧತಿ ಬಂದಾಗಿನಿಂದ ಅತಿ ಹೆಚ್ಚು. ಸೋತ್ರು, 3-1. ಮಾರನೇ ದಿನ ಚಿಕ್ಕಮ್ಮನ ಆಫೀಸಲ್ಲಿ ಫುಟ್‌ಬಾಲ್ ಅಂದ್ರೆ ಗೊತ್ತಿಲ್ಲದೋರೂ ಅದೇ ಮಾತಾಡ್ತಿದ್ರಂತೆ.

2024ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ, ಪಟ್ಟಿಯಲ್ಲಿರೋ ಪಂದ್ಯಗಳನ್ನ ಸ್ಟ್ರೀಮಿಂಗ್ ಕಂಪನಿಗಳೂ ಮೊದಲೇ ಬಾಚಿಕೊಳ್ಳದ ಹಾಗೆ ಮಾಡಿದೆ. ಒಳ್ಳೇದು. ಆದರೆ ಫ್ರೀ ಚಾನೆಲ್ ಕೊಳ್ಳದಿದ್ರೆ ಏನು ಅನ್ನೋ ಹಳೇ ತೂತು ಹಾಗೇ ಇದೆ. ಫಾಕ್ಸ್‌ಟೆಲ್ಲನ್ನೇ 2025ರಲ್ಲಿ ಡಜೋನ್ ಅನ್ನೋ ವಿದೇಶಿ ಕ್ರೀಡಾ ಸ್ಟ್ರೀಮಿಂಗ್ ಕಂಪನಿ ಕೊಂಡುಕೊಂಡಿದೆ. ಬಾಕ್ಸ್ ಹೋಗಿ ಆ್ಯಪ್ ಬಂತು, ಕಾರ್ಡ್ ಹೋಗಿ ಪಾಸ್‌ವರ್ಡ್ ಬಂತು.

ನಾನಾಗಿದ್ರೆ ಪಟ್ಟಿಗೆ ಒಂದೇ ಸಾಲು ಸೇರಿಸ್ತಿದ್ದೆ: ಖಾಸಗಿಯವರು ಯಾರೂ ಕೊಳ್ಳದಿದ್ರೆ ಎಬಿಸಿ ಅಥವಾ ಎಸ್‌ಬಿಎಸ್‌ಗೆ ಸಿಗ್ನಲ್ ಕೊಡಬೇಕು, ನಮ್ಮ 2007ರ ಕಾಯ್ದೆ ಥರ. ಹಾಗೆ ಮಾಡಿದ್ರೆ ಹಕ್ಕಿನ ಬೆಲೆ ಬಿದ್ದುಹೋಗುತ್ತೆ, ಸಣ್ಣ ಆಟಗಳಿಗೆ ಪೆಟ್ಟು ಬೀಳುತ್ತೆ ಅಂತ ನಮ್ಮ ಗೈಡ್ ಸರ್ ಅಂತಾರೆ. ನಾನಿನ್ನೂ ಒಪ್ಪಿಲ್ಲ. ಸೆಮಿನಾರ್ ಗುರುವಾರ ಎರಡನೇ ಅವರ್. ನಕ್ಕೋರೆಲ್ಲ ಮೊದಲ ಬೆಂಚಲ್ಲಿ ಕೂತ್ಕೊಳ್ಳಿ, ಪ್ರಶ್ನೆ ಅಲ್ಲೇ ಕೇಳಿ.